ಅಮ್ಮನ ಅಡುಗೆಮನೆಯಲ್ಲಿ ಒಬ್ಬ ಗುಮಾಸ್ತ: ಜಾರ್ಜ್ ಈಸ್ಟ್‌ಮನ್

ನಿಮ್ಮ ಮನೆಯ ಟ್ರಂಕನ್ನು ಒಮ್ಮೆ ತೆರೆದು ನೋಡಿ. ನಿಕಾಹ್‌ನಾಮೆ, ಹೊಲದ ಪಹಣಿ, ಹಳೆಯ ಮಾರ್ಕ್ಸ್ ಕಾರ್ಡುಗಳ ಕೆಳಗೆ ಸ್ಟುಡಿಯೋದವರು ಕೊಟ್ಟ ಒಂದು ಲಕೋಟೆ ಸಿಗಬಹುದು. ಅದರೊಳಗೆ ಅಂಚಿನುದ್ದಕ್ಕೂ ತೂತುಗಳಿರುವ ಪಟ್ಟಿಗಳಿರುತ್ತವೆ. ಒಂದನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಶೇರ್ವಾನಿ ತೊಟ್ಟ ಮದುಮಗ ಕಪ್ಪಗೆ ಕಾಣುತ್ತಾನೆ, ಕಪ್ಪು ಗಡ್ಡದ ಚಾಚಾ ಬೆಳ್ಳಗೆ ಕಾಣುತ್ತಾರೆ. ಅದೇ ನೆಗೆಟಿವ್. ಮೊಬೈಲ್ ಬರುವ ಮೊದಲು ನಮ್ಮ ತಂದೆ ತಾಯಂದಿರು ಮದುವೆಗೆ ಮುಂಚೆ ಕ್ಯಾಮೆರಾಕ್ಕೆ ಹಾಕಿಸುತ್ತಿದ್ದ ರೀಲು ಇದೇ. ಒಂದು ರೀಲಿಗೆ ಮೂವತ್ತಾರು ಫೋಟೋ. ಪ್ರತಿಯೊಂದನ್ನೂ ಎಣಿಸಿ ತೆಗೆಯುತ್ತಿದ್ದರು. ತೊಳೆಸುವ ಮೊದಲು ಯಾರಾದರೂ ಕ್ಯಾಮೆರಾದ ಬೆನ್ನು ತೆರೆದರೆ ಬೆಳಕು ಬಿದ್ದು ರೀಲು ಹಾಳಾಗುತ್ತಿತ್ತು.

ಈ ಪಟ್ಟಿ ಯಾವುದರಿಂದ ಆಗಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ಮೂಲದಲ್ಲಿ ಮೂರೇ ವಸ್ತುಗಳು. ಮೊದಲನೆಯದು ಹತ್ತಿ, ನಮ್ಮ ಶಹಾಪುರ, ಸುರಪುರದ ಹೊಲಗಳಲ್ಲಿ ಬೆಳೆಯುವ ಅದೇ ಹತ್ತಿ. ಎರಡನೆಯದು ಬೆಳ್ಳಿ. ಮೂರನೆಯದು ಜಿಲೆಟಿನ್. ಚಳಿಗಾಲದ ಬೆಳಿಗ್ಗೆ ಪಾತ್ರೆಯಲ್ಲಿ ಉಳಿದ ಪಾಯಾ ತಣ್ಣಗಾಗಿ ಗಟ್ಟಿಯಾಗಿ ಅಲುಗಾಡುವುದನ್ನು ನೀವು ನೋಡಿದ್ದೀರಲ್ಲವೇ? ಹಾಗೆ ಗಟ್ಟಿಯಾಗಿಸುವ ಅಂಟೇ ಜಿಲೆಟಿನ್. ದನದ ಮೂಳೆ, ಚರ್ಮಗಳನ್ನು ಬೇಯಿಸಿ ಅದನ್ನು ತೆಗೆಯುತ್ತಾರೆ.

ಈ ಮೂರನ್ನೂ ಒಂದು ಸುರುಳಿಯಲ್ಲಿ ಸೇರಿಸಿ ಜಗತ್ತಿನ ಮನೆಮನೆಗೆ ಮುಟ್ಟಿಸಿದವರು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಅವರು ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟವರು. ಈ ಒಂದು ಮಾತನ್ನು ಹಿಡಿದುಕೊಂಡು, ಓದದಿದ್ದರೂ ದೊಡ್ಡವರಾಗಬಹುದು ಎಂದು ನಮ್ಮ ಮಕ್ಕಳ ಮುಂದೆ ಹೇಳುವವರಿದ್ದಾರೆ. ಆದ್ದರಿಂದಲೇ ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮ ಮುಂದಿಡುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ನೀವೇ ತೀರ್ಮಾನಿಸಿ.

ತಂದೆಯಿಲ್ಲದ ಮನೆ

ಜಾರ್ಜ್ ಹುಟ್ಟಿದ್ದು 1854ರ ಜುಲೈ 12ರಂದು, ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಚಿಕ್ಕ ಊರಿನಲ್ಲಿ. ಇಬ್ಬರು ಅಕ್ಕಂದಿರ ನಂತರ ಹುಟ್ಟಿದ ಕೊನೆಯ ಮಗ. ತಂದೆ ರೋಚೆಸ್ಟರ್ ನಗರದಲ್ಲಿ ವಾಣಿಜ್ಯ ವಿಷಯಗಳನ್ನು ಕಲಿಸುವ ಒಂದು ಕಾಲೇಜು ನಡೆಸುತ್ತಿದ್ದರು. ಮನೆಯವರೂ ಆ ನಗರಕ್ಕೆ ಬಂದು ನೆಲೆಸಿದರು. ಆದರೆ 1862ರಲ್ಲಿ ತಂದೆ ತೀರಿಕೊಂಡರು. ಆಗ ಜಾರ್ಜ್‌ಗೆ ಇನ್ನೂ ಎಂಟು ತುಂಬಿರಲಿಲ್ಲ. ಕಾಲೇಜೂ ಉಳಿಯಲಿಲ್ಲ.

ತಾಯಿ ಮರಿಯಾ ಕೈಚೆಲ್ಲಿ ಕೂರಲಿಲ್ಲ. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆದಾರರಿಗೆ ಊಟ ಮಾಡಿ ಬಡಿಸಿ ಸಂಸಾರ ನಡೆಸಿದರು. ಅಕ್ಕಂದಿರಲ್ಲಿ ಒಬ್ಬಳು ಪೋಲಿಯೋದಿಂದ ನಡೆಯಲಾರದವಳಾಗಿದ್ದಳು. 1870ರಲ್ಲಿ ಅವಳೂ ಹೋದಳು. ಇಂಥ ಮನೆಯಲ್ಲಿ ಹುಡುಗನ ಓದು 1868ಕ್ಕೆ ನಿಂತುಹೋಯಿತು. ವಿಮಾ ಕಚೇರಿಯೊಂದರಲ್ಲಿ ಕಾಗದ ಪತ್ರ ಒಯ್ದು ಕೊಡುವ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 3 ಡಾಲರ್.

ಗಮನಿಸಿ: ಅವನು ಶಾಲೆಯನ್ನು ಬಿಟ್ಟದ್ದಲ್ಲ, ಬಡತನ ಬಿಡಿಸಿದ್ದು. ಕಲಿಕೆಯನ್ನಂತೂ ಅವನು ಬಿಡಲೇ ಇಲ್ಲ. ಹಗಲು ಕಚೇರಿ, ರಾತ್ರಿ ಮನೆಯಲ್ಲಿ ಲೆಕ್ಕಪತ್ರದ ಅಭ್ಯಾಸ. ಹಾಗೆ ಕಲಿತದ್ದರಿಂದಲೇ 1874ರಲ್ಲಿ ರೋಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಕಿರಿಯ ಗುಮಾಸ್ತನ ಹುದ್ದೆ ದೊರೆಯಿತು. ವಾರಕ್ಕೆ 15 ಡಾಲರ್‌ಗೂ ಹೆಚ್ಚು ಸಂಬಳ. ಮನೆಯಲ್ಲಿ ಮೊದಲ ಬಾರಿಗೆ ಉಸಿರಾಡಲು ಬಿಡುವಾಯಿತು.

ಒಂದು ಕತ್ತೆಯ ಹೊರೆಯಷ್ಟು ಸಾಮಾನು

ಬ್ಯಾಂಕಿನ ಯುವ ಗುಮಾಸ್ತರಾದ ಈಸ್ಟ್‌ಮನ್ ರಜೆಯಲ್ಲಿ ಕೆರಿಬಿಯನ್ ಸಮುದ್ರದ ಸ್ಯಾಂಟೊ ಡೊಮಿಂಗೊಗೆ ಹೋಗಬೇಕೆಂದುಕೊಂಡರು. ಫೋಟೋಗಳನ್ನೂ ತೆಗೆದುಕೊಂಡು ಬಾ ಎಂದು ಜೊತೆಗಾರರೊಬ್ಬರು ಸಲಹೆ ಕೊಟ್ಟರು. 1877ರಲ್ಲಿ ಅವರು ಸಾಮಾನು ಕೊಂಡರು, 5 ಡಾಲರ್ ಕೊಟ್ಟು ಪಾಠವನ್ನೂ ಹೇಳಿಸಿಕೊಂಡರು.

ಆಗಿನ ಫೋಟೋಗ್ರಫಿ ಎಂದರೆ ಸಣ್ಣ ಕೆಲಸವಲ್ಲ. ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾ, ಭಾರವಾದ ಮೂರುಗಾಲಿನ ಕಟ್ಟು, ಗಾಜಿನ ಫಲಕಗಳು, ರಾಸಾಯನಿಕಗಳ ಸೀಸೆಗಳು, ನೀರಿನ ಪಾತ್ರೆ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಕತ್ತಲೆ ಡೇರೆ. ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಫೋಟೋ ತೆಗೆದು, ಒಣಗುವ ಮೊದಲೇ ಡೇರೆಯೊಳಗೆ ಓಡಿ ತೊಳೆಯಬೇಕು. ತಡವಾದರೆ ಎಲ್ಲ ವ್ಯರ್ಥ.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು ಎಂಬುದನ್ನೂ ನೆನೆಯೋಣ. ಯಾದಗಿರಿ, ಶಹಾಪುರ, ಸುರಪುರಗಳು ಅಂದು ಹೈದರಾಬಾದಿನ ನಿಜಾಮರ ಸೀಮೆಗೆ ಸೇರಿದ್ದವು. ಆ ಆಸ್ಥಾನದ ಪ್ರಸಿದ್ಧ ಛಾಯಾಗ್ರಾಹಕರು ಲಾಲಾ ದೀನ್ ದಯಾಳ್. ಅವರ ಕೆಲಸವೂ ಗಾಜಿನ ಫಲಕಗಳ ಮೇಲೆಯೇ. 1894ರಲ್ಲಿ ಆರನೆಯ ನಿಜಾಮ್ ಮಹಬೂಬ್ ಅಲಿ ಖಾನ್ ಅವರಿಗೆ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರ ಮೂಡಿಸುವವನು. ಆದರೆ ಆ ಚಿತ್ರಗಳಲ್ಲಿ ಹೆಚ್ಚಾಗಿ ಇದ್ದವರು ಯಾರು? ನವಾಬರು, ಸರದಾರರು, ದೊರೆಗಳು. ನಿಮ್ಮ ಮುತ್ತಜ್ಜ ಸುರಪುರದ ಸಂತೆಯಲ್ಲಿ ದನ ಮಾರುತ್ತಿದ್ದರೆ ಅವರ ಮುಖ ನಿಮಗೆ ಇಂದು ತಿಳಿಯುವ ಬಗೆಯಿಲ್ಲ. ಗಾಜು ದುಬಾರಿ, ಭಾರ, ಒಡೆಯುವ ವಸ್ತು. ಬಡವನ ಮುಖ ಉಳಿಯಬೇಕಾದರೆ ಗಾಜು ಹೋಗಬೇಕಿತ್ತು.

ಒಲೆಯ ಮುಂದೆ ಮೂರು ವರ್ಷ

ಈಸ್ಟ್‌ಮನ್ ಸ್ಯಾಂಟೊ ಡೊಮಿಂಗೊಗೆ ಹೋಗಲೇ ಇಲ್ಲ. ಆದರೆ ಕೊಂಡ ಸಾಮಾನಿನ ಭಾರ ಅವರನ್ನು ಕಾಡತೊಡಗಿತು. ಇಂಗ್ಲೆಂಡಿನ ಪತ್ರಿಕೆಗಳನ್ನು ತರಿಸಿ ಓದಿದರು. ಅಲ್ಲಿನವರು ಬೆಳ್ಳಿಯ ಲವಣವನ್ನು ಜಿಲೆಟಿನ್‌ನಲ್ಲಿ ಬೆರೆಸಿ ಗಾಜಿಗೆ ಹಚ್ಚಿ ಒಣಗಿಸುತ್ತಿದ್ದರು. ಒಣ ಫಲಕವಾದರೆ ಡೇರೆ ಬೇಡ, ಓಟ ಬೇಡ. ಇಂದು ಹಚ್ಚಿ ಎಷ್ಟೋ ದಿನಗಳ ನಂತರ ಬಳಸಬಹುದು. ಪತ್ರಿಕೆಯಲ್ಲಿದ್ದ ವಿಧಾನವನ್ನು ಹಿಡಿದು ಅವರು ಅಮ್ಮನ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿದರು.

ಆ ಲೇಪ ಹೇಗೆ ಆಗುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ಜಿಲೆಟಿನ್ ಅನ್ನು ನೀರಿನಲ್ಲಿ ನೆನೆಸಿ, ಬೆಚ್ಚಗೆ ಮಾಡಿ ಕರಗಿಸುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸುತ್ತಾರೆ. ನಂತರ ಮಬ್ಬಾದ ಕೆಂಪು ಬೆಳಕಿನಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತಾ ಕದಡುತ್ತಾರೆ. ಕೂಡಲೇ ಸಿಲ್ವರ್ ಬ್ರೋಮೈಡ್‌ನ ಅತಿ ಸಣ್ಣ ಕಣಗಳು ಹುಟ್ಟಿ ದ್ರವ ಹಾಲಿನಂತಾಗುತ್ತದೆ. ಜಿಲೆಟಿನ್ ಇಲ್ಲದಿದ್ದರೆ ಆ ಕಣಗಳು ತಳಕ್ಕೆ ಇಳಿದು ಗಂಟಾಗುತ್ತಿದ್ದವು. ಅದು ಇರುವುದರಿಂದ ತೇಲುತ್ತಾ ಉಳಿಯುತ್ತವೆ. ಈ ಹಾಲನ್ನು ಇನ್ನಷ್ಟು ಹೊತ್ತು ಬೆಚ್ಚಗಿಟ್ಟರೆ ಕಣಗಳು ಬೆಳೆದು ಬೆಳಕಿಗೆ ಹೆಚ್ಚು ಚುರುಕಾಗುತ್ತವೆ. ಆಮೇಲೆ ತಣ್ಣಗೆ ಮಾಡಿ ಗಟ್ಟಿಯಾಗಿಸಿ, ಚೂರು ಮಾಡಿ, ತಣ್ಣೀರಿನಲ್ಲಿ ತೊಳೆದು ಬೇಡದ ಲವಣವನ್ನು ತೆಗೆದು, ಮತ್ತೆ ಕರಗಿಸಿ ಗಾಜಿಗೆ ಹಚ್ಚುತ್ತಾರೆ. ಹದ ಸ್ವಲ್ಪ ತಪ್ಪಿದರೂ ಫಲಕ ಮಂಕು ಹಿಡಿಯುತ್ತದೆ. ಒಂದು ಎಚ್ಚರಿಕೆ: ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುತ್ತದೆ, ಕಣ್ಣಿಗೆ ಅಪಾಯ. ಶಿಕ್ಷಕರಿಲ್ಲದೆ ಯಾರೂ ಮುಟ್ಟಬಾರದು.

ಹಗಲೆಲ್ಲ ಬ್ಯಾಂಕಿನ ಲೆಕ್ಕ, ರಾತ್ರಿಯೆಲ್ಲ ಈ ಪಾಕ. ಎಷ್ಟೋ ರಾತ್ರಿ ಬಟ್ಟೆಯನ್ನೂ ಬದಲಿಸದೆ ಒಲೆಯ ಬಳಿ ನೆಲದ ಮೇಲೆಯೇ ಮಲಗಿಬಿಡುತ್ತಿದ್ದರೆಂದು ತಾಯಿ ನೆನೆಯುತ್ತಿದ್ದರು. ಹೀಗೆ ಮೂರು ವರ್ಷ. 1880ರ ಹೊತ್ತಿಗೆ ಅವರ ಬಳಿ ಒಳ್ಳೆಯ ಲೇಪವೂ ಇತ್ತು, ಫಲಕಗಳಿಗೆ ಅದನ್ನು ಒಂದೇ ಸಮನೆ ಹಚ್ಚುವ ಯಂತ್ರಕ್ಕೆ ಪೇಟೆಂಟೂ ಇತ್ತು. ರೋಚೆಸ್ಟರಿನ ಸ್ಟೇಟ್ ಸ್ಟ್ರೀಟ್‌ನಲ್ಲಿ ಒಂದು ಕಟ್ಟಡದ ಮೂರನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಫಲಕಗಳನ್ನು ಮಾರತೊಡಗಿದರು. ಹಣ ಹಾಕಿ ಪಾಲುದಾರರಾದವರು ಹೆನ್ರಿ ಸ್ಟ್ರಾಂಗ್ ಎಂಬ ಕುದುರೆಗಾಡಿಯ ಚಾಟಿ ತಯಾರಕರು. ಅವರೂ ಒಮ್ಮೆ ತಾಯಿಯ ಮನೆಯಲ್ಲಿ ಬಾಡಿಗೆಗಿದ್ದವರೇ. 1881ರ ಜನವರಿಯಲ್ಲಿ ಕಂಪನಿ ಶುರುವಾಯಿತು, ಸೆಪ್ಟೆಂಬರಿನಲ್ಲಿ ಈಸ್ಟ್‌ಮನ್ ಬ್ಯಾಂಕು ಬಿಟ್ಟರು.

ಕೂಡಲೇ ಪರೀಕ್ಷೆಯೂ ಬಂತು. ಅಂಗಡಿಗಳಲ್ಲಿದ್ದ ಫಲಕಗಳು ಕೆಟ್ಟುಹೋದವು. ಎಳೆಯ ಕಂಪನಿಗೆ ಮುಳುಗುವ ಭಯ. ಆದರೂ ಈಸ್ಟ್‌ಮನ್ ಕೆಟ್ಟ ಫಲಕಗಳನ್ನೆಲ್ಲ ವಾಪಸ್ ತೆಗೆದುಕೊಂಡು ಒಳ್ಳೆಯದನ್ನು ಕೊಟ್ಟರು. ಕೈಯಲ್ಲಿದ್ದ ಹಣ ಹೋಯಿತು, ಹೆಸರು ಉಳಿಯಿತು. ಲೇಪ ಸರಿಬಾರದೆ ನೂರಾರು ಪ್ರಯೋಗಗಳು ವಿಫಲವಾದ ಮೇಲೆ ದೋಷ ಜಿಲೆಟಿನ್‌ನಲ್ಲಿದೆ ಎಂದು ಗೊತ್ತಾಯಿತು. ಒಂದು ಜಿಲೆಟಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಏಕೆಂಬ ಗುಟ್ಟು ಬಿಡಿಸಿದ್ದು 1920ರ ದಶಕದಲ್ಲಿ, ಅವರದೇ ಕಂಪನಿಯ ವಿಜ್ಞಾನಿ ಸ್ಯಾಮ್ಯುಯಲ್ ಶೆಪ್ಪರ್ಡ್. ಸಾಸಿವೆ ಜಾತಿಯ ಗಿಡಗಳನ್ನು ಮೇಯ್ದ ದನಗಳ ಜಿಲೆಟಿನ್‌ನಲ್ಲಿ ಗಂಧಕದ ಅಂಶ ಎಳ್ಳಷ್ಟು ಉಳಿದಿರುತ್ತದೆ. ಆ ಎಳ್ಳಷ್ಟೇ ಬೆಳ್ಳಿಯ ಕಣವನ್ನು ಬೆಳಕಿಗೆ ಚುರುಕಾಗಿಸುತ್ತದೆ!

ಗಾಜಿನಿಂದ ಕಾಗದಕ್ಕೆ, ಕಾಗದದಿಂದ ಹತ್ತಿಗೆ

ಒಣ ಫಲಕವಾದರೂ ಅದು ಗಾಜೇ. ಈಸ್ಟ್‌ಮನ್ ಲೇಪವನ್ನು ಕಾಗದಕ್ಕೆ ಹಚ್ಚಿ ಸುರುಳಿ ಮಾಡಿದರು. ವಿಲಿಯಂ ವಾಕರ್ ಅವರ ಜೊತೆಗೂಡಿ ಆ ಸುರುಳಿಯನ್ನು ಕ್ಯಾಮೆರಾದಲ್ಲಿ ಕೂರಿಸುವ ಸಾಧನವನ್ನೂ ಮಾಡಿದರು. ಆದರೆ ಕಾಗದದ ಎಳೆಗಳು ಚಿತ್ರದಲ್ಲಿ ಮೂಡುತ್ತಿದ್ದವು. ಅದಕ್ಕಾಗಿ ತೊಳೆದ ಮೇಲೆ ಲೇಪವನ್ನು ಕಾಗದದಿಂದ ಸುಲಿದು ತೆಗೆಯುವ ಉಪಾಯ ಮಾಡಿದರು. ಅದು ಬಹಳ ನಾಜೂಕಿನ ಕೆಲಸ, ಎಲ್ಲರ ಕೈಗೂ ಹತ್ತುವಂಥದ್ದಲ್ಲ.

ಹಾಗಾಗಿ 1888ರಲ್ಲಿ ಹೊಸ ವ್ಯವಸ್ಥೆ ತಂದರು. ಕೊಡಕ್ ಎಂಬ ಪುಟ್ಟ ಪೆಟ್ಟಿಗೆ ಕ್ಯಾಮೆರಾ. ಬೆಲೆ 25 ಡಾಲರ್. ಒಳಗೆ 100 ಚಿತ್ರಗಳಿಗೆ ಸಾಕಾಗುವ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ರೋಚೆಸ್ಟರಿಗೆ ಕಳುಹಿಸಿದರೆ 10 ಡಾಲರ್‌ಗೆ ಫೋಟೋ ತೊಳೆದು, ಹೊಸ ಸುರುಳಿ ತುಂಬಿಸಿ ಕಳಿಸುತ್ತಿದ್ದರು. ಕೊಡಕ್ ಎಂಬ ಪದಕ್ಕೆ ಯಾವ ಭಾಷೆಯಲ್ಲೂ ಅರ್ಥವಿಲ್ಲ. ಚಿಕ್ಕದಾಗಿರಲಿ, ಯಾರೂ ತಪ್ಪಾಗಿ ಉಚ್ಚರಿಸದಿರಲಿ ಎಂದು ಅವರೇ ಕಟ್ಟಿದ್ದು.

ಇನ್ನು ಬೇಕಾಗಿದ್ದದ್ದು ಗಾಜಿನಂತೆ ಪಾರದರ್ಶಕ, ಕಾಗದದಂತೆ ಸುತ್ತಬಲ್ಲ ವಸ್ತು. ಇದು ಅಡುಗೆಮನೆಯ ಅನುಭವದಿಂದ ಆಗುವ ಕೆಲಸವಲ್ಲ ಎಂದು ಈಸ್ಟ್‌ಮನ್ ಅರಿತರು. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರ ಕೈಕೆಳಗೆ ಪಳಗಿದ ಹೆನ್ರಿ ರೈಕೆನ್‌ಬಾಕ್ ಎಂಬ ಯುವಕನನ್ನು ಕೆಲಸಕ್ಕೆ ತೆಗೆದುಕೊಂಡರು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. ರೈಕೆನ್‌ಬಾಕ್ ಅದನ್ನು ಕರ್ಪೂರ ಮತ್ತು ಇತರ ದ್ರವಗಳೊಂದಿಗೆ ಕರಗಿಸಿ, ಉದ್ದನೆಯ ಗಾಜಿನ ಮೇಜುಗಳ ಮೇಲೆ ತೆಳ್ಳಗೆ ಹರಡಿ ಒಣಗಿಸಿದರು. ಒಣಗಿದ ಹಾಳೆಗೆ ಲೇಪ ಹಚ್ಚಿ, ಪಟ್ಟಿಯಾಗಿ ಕತ್ತರಿಸಿ ಸುತ್ತಿದರೆ ಅದೇ ರೀಲು. 1889ರಲ್ಲಿ ಅದು ಮಾರುಕಟ್ಟೆಗೆ ಬಂತು. ಡಿಸೆಂಬರ್ 10ರಂದು ರೈಕೆನ್‌ಬಾಕ್ ಹೆಸರಿಗೆ ಪೇಟೆಂಟ್ ಸಿಕ್ಕಿತು.

ಅದೇ ಫಿಲ್ಮ್‌ನಿಂದ ಎಡಿಸನ್ ಅವರ ಪ್ರಯೋಗಶಾಲೆಯಲ್ಲಿ ಚಲಿಸುವ ಚಿತ್ರಗಳು ಹುಟ್ಟಿದವು. ನಮ್ಮ ದೇಶದಲ್ಲಿ ದಾದಾಸಾಹೇಬ ಫಾಲ್ಕೆ 1913ರಲ್ಲಿ ರಾಜಾ ಹರಿಶ್ಚಂದ್ರ ಚಿತ್ರವನ್ನು ತೆರೆಗೆ ತಂದರು. ಫಿಲ್ಮಿನ ಅಂಚಿಗೆ ತೂತು ಹೊಡೆಯುವ ಕೆಲಸವನ್ನು ಅವರ ಪತ್ನಿ ಸರಸ್ವತಿಬಾಯಿ ಮನೆಯಲ್ಲೇ ಮಾಡುತ್ತಿದ್ದರು. ಮುಂದೆ ನಮ್ಮ ಸರ್ಕಾರವೇ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯನ್ನು ಕಟ್ಟಿತು. 1967ರಿಂದ ಅಲ್ಲಿ ಇಂದು ಎಂಬ ಹೆಸರಿನ ಫಿಲ್ಮ್ ತಯಾರಾಗುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ.

ಅಟ್ಟದ ಮೇಲಿನ ಪಾದ್ರಿ

ಇಲ್ಲಿಗೆ ಕಥೆ ಮುಗಿಸಿದರೆ ಅದು ಅರ್ಧ ಸತ್ಯ. ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿ ಹ್ಯಾನಿಬಲ್ ಗುಡ್‌ವಿನ್ ಎಂಬ ವೃದ್ಧ ಪಾದ್ರಿಯಿದ್ದರು. ಚರ್ಚಿನ ಮಕ್ಕಳಿಗೆ ಚಿತ್ರ ತೋರಿಸಿ ಪಾಠ ಹೇಳಬೇಕೆಂಬುದು ಅವರ ಆಸೆ. ಗಾಜಿನ ಚಿತ್ರಗಳು ದುಬಾರಿ, ಒಡೆಯುತ್ತಿದ್ದವು. ಮನೆಯ ಅಟ್ಟದಲ್ಲಿ ತಾವೇ ಪ್ರಯೋಗ ಮಾಡಿ ನೈಟ್ರೋಸೆಲ್ಯುಲೋಸ್‌ನಿಂದ ಸುತ್ತಬಲ್ಲ ಫಿಲ್ಮ್ ತಯಾರಿಸಿ, 1887ರ ಮೇ 2ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಅಂದರೆ ಈಸ್ಟ್‌ಮನ್ ಕಂಪನಿಯ ಫಿಲ್ಮ್ ಬರುವುದಕ್ಕೆ ಎರಡು ವರ್ಷ ಮೊದಲು! ಕಚೇರಿ ಆ ಅರ್ಜಿಯನ್ನು ಮತ್ತೆ ಮತ್ತೆ ತಿರಸ್ಕರಿಸಿತು. ಗುಡ್‌ವಿನ್ ತಿದ್ದುತ್ತಾ ಹೋದರು. ಪೇಟೆಂಟ್ ಕೈಗೆ ಬಂದದ್ದು 1898ರ ಸೆಪ್ಟೆಂಬರ್ 13ರಂದು, ಹನ್ನೊಂದು ವರ್ಷಗಳ ನಂತರ. ಫಿಲ್ಮ್ ತಯಾರಿಕೆ ಶುರುಮಾಡಲು ಕಟ್ಟಡ ಕಟ್ಟಿಸುತ್ತಿದ್ದಾಗ ರಸ್ತೆ ಅಪಘಾತದಲ್ಲಿ ಪೆಟ್ಟಾಯಿತು. 1900ರ ಡಿಸೆಂಬರ್ 31ರಂದು ತೀರಿಕೊಂಡರು.

ಅವರ ಹಕ್ಕನ್ನು ಕೊಂಡ ಕಂಪನಿ 1902ರಲ್ಲಿ ಈಸ್ಟ್‌ಮನ್ ಕಂಪನಿಯ ಮೇಲೆ ದಾವೆ ಹೂಡಿತು. ಹನ್ನೆರಡು ವರ್ಷ ನಡೆಯಿತು. 1914ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಗುಡ್‌ವಿನ್ ಪೇಟೆಂಟ್ ಸಿಂಧುವೆಂದು ಹೇಳಿತು. ಈಸ್ಟ್‌ಮನ್ ಕಂಪನಿ 50 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ತೀರಿಸಿಕೊಂಡಿತು. ಆದರೆ ಗೆದ್ದ ಮನುಷ್ಯ ಆಗಲೇ ಸಮಾಧಿಯಲ್ಲಿದ್ದ. ಮಹನೀಯರ ಚರಿತ್ರೆ ಬರೆಯುವಾಗ ನಾವು ಇಂಥ ಪುಟವನ್ನು ಹಾರಿಸಿಬಿಡುತ್ತೇವೆ. ಹಾರಿಸಬಾರದು. ಗುಡ್‌ವಿನ್ ಬರೆದಿಟ್ಟ, ದಿನಾಂಕವಿದ್ದ ಆ ಕಾಗದಗಳು ಇಲ್ಲದಿದ್ದರೆ ಅವರ ಹೆಸರೂ ಇಂದು ಉಳಿಯುತ್ತಿರಲಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಪ್ರಯೋಗದ ನೋಟ್‌ಬುಕ್ಕಿನಲ್ಲಿ ತಾರೀಖು ಬರೆಯಿರಿ ಎಂದು ಶಿಕ್ಷಕರು ಒತ್ತಾಯಿಸುವುದು ಸುಮ್ಮನೆ ಅಲ್ಲ.

ಗಳಿಸಿದ್ದನ್ನು ಕೊಟ್ಟ ಬಗೆ

1900ರಲ್ಲಿ ಈಸ್ಟ್‌ಮನ್ ಬ್ರೌನಿ ಎಂಬ ಕ್ಯಾಮೆರಾ ತಂದರು. ಬೆಲೆ 1 ಡಾಲರ್. ಆರು ಚಿತ್ರಗಳ ರೀಲಿಗೆ 15 ಸೆಂಟ್. ಅದನ್ನು ಮಕ್ಕಳೂ ಕೊಳ್ಳಬಹುದಾಗಿತ್ತು. ಫೋಟೋ ಎಂಬುದು ದೊರೆಗಳ ಅಂಗಳದಿಂದ ಕೂಲಿಕಾರರ ಗೋಡೆಗೆ ಬಂತು.

ಅಪಾರ ಹಣವೂ ಬಂತು. ಅದನ್ನು ಅವರು ಏನು ಮಾಡಿದರು? ವಾರಕ್ಕೆ 60 ಡಾಲರ್ ಸಂಬಳ ಪಡೆಯುತ್ತಿದ್ದ ದಿನಗಳಲ್ಲೇ ಕಷ್ಟದಲ್ಲಿದ್ದ ಒಂದು ತಾಂತ್ರಿಕ ಶಾಲೆಗೆ 50 ಡಾಲರ್ ಕೊಟ್ಟಿದ್ದರು. 1912ರಿಂದ ಕಂಪನಿಯ ಲಾಭದಲ್ಲಿ ಕಾರ್ಮಿಕರಿಗೂ ಪಾಲು ಸಿಗುವಂತೆ ಮಾಡಿದರು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಒಟ್ಟು 2 ಕೋಟಿ ಡಾಲರ್ ಕೊಟ್ಟರು. ಸ್ಮಿತ್ ಯಾರೆಂದು ಲೋಕಕ್ಕೆ ತಿಳಿದದ್ದು 1920ರಲ್ಲಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ನಾವು ಎಷ್ಟು ಕೇಳಿಲ್ಲ! ಅವರ ಕಾರ್ಖಾನೆಯ ಸಮರ್ಥ ಸಹಾಯಕರಲ್ಲಿ ಆ ಸಂಸ್ಥೆಯಲ್ಲಿ ಓದಿದವರಿದ್ದರು. 1924ರಲ್ಲಿ ಒಂದೇ ದಿನ 3 ಕೋಟಿ ಡಾಲರ್‌ಗಳನ್ನು ನಾಲ್ಕು ವಿದ್ಯಾಸಂಸ್ಥೆಗಳಿಗೆ ಬರೆದುಕೊಟ್ಟರು. ಅವುಗಳಲ್ಲಿ ಎರಡು, ಹ್ಯಾಂಪ್ಟನ್ ಮತ್ತು ಟಸ್ಕೆಗೀ, ಅಮೆರಿಕದ ಕಪ್ಪು ಜನಾಂಗದ ಮಕ್ಕಳು ಓದುತ್ತಿದ್ದ ಸಂಸ್ಥೆಗಳು. ಬಡ ಮಕ್ಕಳ ಹಲ್ಲಿನ ಚಿಕಿತ್ಸೆಗೆ ರೋಚೆಸ್ಟರಿನಲ್ಲೂ ಯೂರೋಪಿನ ಹಲವು ನಗರಗಳಲ್ಲೂ ಆಸ್ಪತ್ರೆಗಳನ್ನು ಕಟ್ಟಿಸಿದರು.

ಅವರು ಮದುವೆಯಾಗಲಿಲ್ಲ. ತಾಯಿ 1907ರಲ್ಲಿ ಕಣ್ಮುಚ್ಚಿದರು. ಕೊನೆಯ ವರ್ಷಗಳಲ್ಲಿ ಬೆನ್ನುಮೂಳೆಯ ಕಾಯಿಲೆಯಿಂದ ಬಳಲಿ, 1932ರ ಮಾರ್ಚ್ 14ರಂದು ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಹಾಗೆಯೇ ಇದರಲ್ಲಿ ಮೆಚ್ಚುವಂಥದ್ದೂ ಇಲ್ಲ. ಎಷ್ಟು ಗಳಿಸಿದರೂ ನೋವಿನಲ್ಲಿ ಕೈಹಿಡಿಯುವವರು ಬೇಕು. ನಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಮಾತಾಡುವುದನ್ನು ನಾವು ಮರೆಯದಿರೋಣ.

ಕೊನೆಯ ಮಾತು

ಪ್ರಿಯ ಓದುಗರೇ, 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ಕರ್ನಾಟಕದಲ್ಲೇ ಅತಿ ಕಡಿಮೆ. ಗುಳೆ ಹೋಗುವ ತಂದೆ ತಾಯಿಯ ಹಿಂದೆ ಶಾಲೆ ಬಿಟ್ಟು ಹೋಗುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕ ನೋಡಿದರೆ ಯಾವ ಶಿಕ್ಷಕರಿಗೂ ಇದು ಗೊತ್ತಾಗುತ್ತದೆ. ಇಂಥ ಜಾಗದಲ್ಲಿ ಈಸ್ಟ್‌ಮನ್ ಅವರ ಮೊದಲ ಪುಟವನ್ನು ಮಾತ್ರ ಓದಿ ಹೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಶಾಲೆ ಬಿಟ್ಟ ಹುಡುಗ ಇಂಗ್ಲೆಂಡಿನ ಪತ್ರಿಕೆ ಓದಿಯೇ ಒಲೆ ಹಚ್ಚಿದ್ದು. ತಾನು ಮಾಡಲಾಗದ ಫಿಲ್ಮನ್ನು ವಿಶ್ವವಿದ್ಯಾಲಯದಲ್ಲಿ ಪಳಗಿದವನಿಂದಲೇ ಮಾಡಿಸಿದ್ದು. ಗಳಿಸಿದ್ದರಲ್ಲಿ ದೊಡ್ಡ ಪಾಲು ಕೊಟ್ಟದ್ದು ಶಾಲೆ, ಕಾಲೇಜುಗಳಿಗೇ. ತನಗೆ ಮುಚ್ಚಿದ ಬಾಗಿಲನ್ನು ಇತರರಿಗೆ ತೆರೆದವರು ಅವರು. ಸಂಘದ ಸದಸ್ಯರು ಒಬ್ಬ ಹುಡುಗನ ಅಥವಾ ಹುಡುಗಿಯ ಪುಸ್ತಕ, ಫೀಸಿನ ಭಾರ ಹೊತ್ತರೆ ಅದೂ ಅದೇ ಕೆಲಸ.

ಇನ್ನು ಆ ಟ್ರಂಕಿನ ಲಕೋಟೆ. ಅದನ್ನು ಕಸವೆಂದು ಎಸೆಯಬೇಡಿ. ತೇವ, ಬಿಸಿಲು ತಾಗದ ಕಡೆ ಇಡಿ. ಪಟ್ಟಿಗಳಿಂದ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅವು ಕೆಡುತ್ತಿವೆ ಎಂದು ತಿಳಿದು, ಬೇಗ ಸ್ಕ್ಯಾನ್ ಮಾಡಿಸಿಕೊಳ್ಳಿ. ಆಮೇಲೆ ದಾದಾ, ದಾದಿಯರನ್ನು ಕೂರಿಸಿ ಯಾರು ಯಾರು ಎಂದು ಕೇಳಿ, ಹೆಸರು ಮತ್ತು ವರ್ಷವನ್ನು ಹಿಂದೆ ಬರೆದಿಡಿ. ಹೇಳುವವರು ಇರುವಾಗಲೇ ಕೇಳಿಬಿಡಿ.